ಮುಚ್ಚಳದ ಮೇಲಿನ ಕೆಂಡ

ಅಡುಗೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಹಡಗಿನ ಜಾಡು ಹಿಡಿಯುತ್ತಾರೆ. ಮೆಣಸಿನಕಾಯಿ ಯಾವಾಗ ಬಂತು, ಅನಾನಸನ್ನು ಯಾರು ತಂದರು, ಗೇರುಗಿಡ ಯಾವ ದೇಶದ್ದು ಎಂದು ಕೇಳಿದರೆ ಸುಂಕದ ಲೆಕ್ಕ, ಪಾದ್ರಿಗಳ ಪತ್ರ, ಪ್ರವಾಸಿಗಳ ಬರಹ ಇವೆಲ್ಲ ಉತ್ತರ ಹೇಳಲು ಮುಂದೆ ಬರುತ್ತವೆ. ನಮ್ಮ ಕರಾವಳಿಗೆ ಈ ಬಗೆಯ ಚರಿತ್ರೆ ಚೆನ್ನಾಗಿ ಒಗ್ಗುತ್ತದೆ. ಘಟ್ಟದ ಮೇಲಿನವರು ಸೀಬೆ ಎನ್ನುವ ಹಣ್ಣನ್ನು ನಾವು ಪೇರಳೆ ಎನ್ನುತ್ತೇವೆ. ಆ ಹೆಸರಿನೊಳಗೆ ಪೋರ್ಚುಗೀಸರ ‘ಪೇರಾ’ ಇನ್ನೂ ಕೂತಿದೆ. ಚಾವಿ, ಜನೇಲು, ಮೇಸ್ತ್ರಿ ಇವೂ ಅದೇ ಹಡಗಿನಲ್ಲಿ ಬಂದವು. ವಸ್ತು ಬಂದಲ್ಲಿ ಹೆಸರು ಉಳಿಯುತ್ತದೆ, ಹೆಸರು ಉಳಿದಲ್ಲಿ ಸಂಶೋಧನಾ ವಿದ್ಯಾರ್ಥಿಗೆ ಕೆಲಸವಿರುತ್ತದೆ.

ಆದರೆ ಬೆಂಕಿಗೆ ಸುಂಕವಿಲ್ಲ. ಪಾತ್ರೆಯ ಕೆಳಗೆ ಎಷ್ಟು ಉರಿ, ಮೇಲೆ ಎಷ್ಟು ಕೆಂಡ, ಎಷ್ಟು ಹೊತ್ತು ಎಂಬ ತಿಳಿವಳಿಕೆ ಯಾವ ಬಂದರಿನಲ್ಲೂ ಮೂಟೆಯಾಗಿ ಇಳಿದದ್ದಲ್ಲ. ಅದಕ್ಕೆ ದಾಖಲೆ ಹುಡುಕುವುದು ಹೇಗೆ ಎಂಬ ಪ್ರಶ್ನೆ ನನ್ನನ್ನು ಹಿಡಿದದ್ದು ಯಾವುದೋ ತಾಳೆಗರಿಯಿಂದಲ್ಲ, ಪೀಚ್ ಕಾಬ್ಲರ್ ಎಂಬ ಅಮೆರಿಕದ ಸಿಹಿತಿಂಡಿಯಿಂದ.

ಕಾಬ್ಲರ್ ಬೇಯಿಸುವುದು ಕಷ್ಟವಲ್ಲ. ನಾನು ಬಾಡಿಗೆಗಿರುವ ಬಿಜೈಯ ಮನೆಯಲ್ಲಿ ಒಂದು ಸಣ್ಣ ಕರೆಂಟಿನ ಓವನ್ ಇದೆ. ನೂರು ಗ್ರಾಂ ಬೆಣ್ಣೆಯನ್ನು ಬೇಕಿಂಗ್ ಪಾತ್ರೆಯಲ್ಲೇ ಕರಗಿಸಬೇಕು. ಒಂದು ಲೋಟ ಮೈದಾ, ಒಂದು ಲೋಟ ಸಕ್ಕರೆ, ಒಂದು ಲೋಟ ಹಾಲು, ಒಂದೂವರೆ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು ಕಲಸಿ ಆ ಬೆಣ್ಣೆಯ ಮೇಲೆ ಹೊಯ್ದು, ಕದಡದೆ ಹಾಗೇ ಬಿಟ್ಟು, ಹಣ್ಣಿನ ಹೋಳುಗಳನ್ನು ಮೇಲೆ ಹರಡಬೇಕು. 180 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ. ಹಿಟ್ಟು ಉಬ್ಬಿ ಹಣ್ಣಿನ ಮೇಲೇರುತ್ತದೆ, ಹಣ್ಣು ಕೆಳಗಿಳಿದು ಪಾಕವಾಗುತ್ತದೆ. ಮೇಲ್ಗಡೆ ಕಂದು ಬಣ್ಣದ ಗರಿಗರಿ ಪದರ, ಒಳಗೆ ಕೆಸರಿನಂಥ ಸಿಹಿ. ಬಿಸಿಯಿರುವಾಗಲೇ ಬಟ್ಟಲಿಗೆ ಹಾಕಿ, ಮೇಲೊಂದು ಉಂಡೆ ವೆನಿಲಾ ಐಸ್‌ಕ್ರೀಮ್ ಇಟ್ಟು ತಿನ್ನುವುದು ಪದ್ಧತಿ. ಮೊಟ್ಟೆ ಇಲ್ಲ ಎಂಬುದನ್ನು ಗಮನಿಸಿಡಿ, ಅದಕ್ಕೆ ಮುಂದೆ ಕೆಲಸವಿದೆ.

ಇನ್ನು ಪೀಚ್ ಹಣ್ಣು. ಕನ್ನಡದಲ್ಲಿ ಪೀಚು ಎಂದರೆ ಇನ್ನೂ ಬಲಿಯದ ಎಳೆಗಾಯಿ. ಮಂಗಳೂರಿನ ಮಟ್ಟಿಗೆ ಆ ಹಣ್ಣಿನ ಸ್ಥಿತಿಯೂ ಹೆಚ್ಚು ಕಡಿಮೆ ಅಷ್ಟೇ. ಪೀಚ್ ಮರ ಹೂ ಬಿಡಬೇಕಾದರೆ ಚಳಿಗಾಲದಲ್ಲಿ ನೂರಾರು ಗಂಟೆ ಏಳು ಡಿಗ್ರಿಗಿಂತ ಕೆಳಗಿನ ಚಳಿ ಬೇಕು. ನಮ್ಮಲ್ಲಿ ಜನವರಿಯ ಬೆಳಗಿನಲ್ಲೂ ಫ್ಯಾನ್ ತಿರುಗುತ್ತಿರುತ್ತದೆ. ಚೀನಾದಲ್ಲಿ ಹುಟ್ಟಿ, ಪರ್ಷಿಯಾದ ಹಾದಿಯಾಗಿ ಯುರೋಪಿಗೆ ಹೋಗಿ, ಅದೇ ಕಾರಣಕ್ಕೆ ಸಸ್ಯಶಾಸ್ತ್ರದಲ್ಲಿ ‘ಪರ್ಸಿಕಾ’ ಎಂಬ ತಪ್ಪು ವಿಳಾಸವನ್ನು ಹೊತ್ತ ಈ ಹಣ್ಣು ನೀಲಗಿರಿಯ ತನಕ ಬಂದಿದೆ, ಹಿಮಾಚಲದಲ್ಲಿ ತೋಟಗಳೇ ಇವೆ, ಕರಾವಳಿಗೆ ಇಳಿದಿಲ್ಲ. ಇಲ್ಲಿ ಸಿಗುವುದು ಬೇಸಿಗೆಯಲ್ಲಿ ದುಬಾರಿಗೆ ನಾಲ್ಕು ಹಣ್ಣು, ಇಲ್ಲದಿದ್ದರೆ ಡಬ್ಬಿಯ ಹೋಳು. ನಾನು ಮಾಡಿದ್ದು ಡಬ್ಬಿಯದರಲ್ಲೇ. ಜೊತೆಯಲ್ಲಿರುವ ಇಬ್ಬರು ಗೆಳತಿಯರು ಪಾತ್ರೆ ಕೆರೆದು ತಿಂದರು.

ಈ ತಿಂಡಿ ಅಮೆರಿಕದಲ್ಲಿ ಹುಟ್ಟಿದ ಬಗೆ ನೋಡಿ. ಇಂಗ್ಲೆಂಡಿನಿಂದ ಹೋಗಿ ನೆಲೆಸಿದವರಿಗೆ ತಮ್ಮ ಊರಿನ ಪುಡಿಂಗು ಬೇಕಿತ್ತು. ಅದಕ್ಕೆ ಬೇಕಾದ ಕೊಬ್ಬು, ಬೇಯಿಸುವ ಅನುಕೂಲ, ಸರಿಯಾದ ಒಲೆ ಅಲ್ಲಿರಲಿಲ್ಲ. ಇದ್ದದ್ದು ಹಣ್ಣು, ಹಿಟ್ಟು, ಒಂದು ಬೀಡುಕಬ್ಬಿಣದ ಪಾತ್ರೆ. ಹಣ್ಣನ್ನು ಪಾತ್ರೆಗೆ ಹಾಕಿ, ಮೇಲೆ ಒರಟು ಹಿಟ್ಟಿನ ಮುದ್ದೆಗಳನ್ನು ಇಟ್ಟು ಬೇಯಿಸಿದರು. ಕಾಬ್ಲರ್ ಎಂಬ ಹೆಸರು 19ನೇ ಶತಮಾನದ ನಡುವಿನಲ್ಲಿ ಬಳಕೆಗೆ ಬಂತು. ಬೆಂದ ಮುದ್ದೆಗಳು ಬೀದಿಗೆ ಹಾಸಿದ ಉರುಟು ಕಲ್ಲುಗಳಂತೆ ಕಾಣುತ್ತವೆ, ಅದಕ್ಕೇ ಆ ಹೆಸರು ಎಂಬ ವಿವರಣೆ ಹೆಚ್ಚು ಪ್ರಚಲಿತ. ದಕ್ಷಿಣದ ರಾಜ್ಯಗಳಲ್ಲಿ ಅದನ್ನು ಬೇಯಿಸಿ ಬೆಳೆಸಿದ ಕೈಗಳಲ್ಲಿ ಬಹಳಷ್ಟು ಕಪ್ಪು ಹೆಂಗಸರವು. ಗುಲಾಮಗಿರಿಯಲ್ಲಿ ಹುಟ್ಟಿದ ಅಬಿ ಫಿಶರ್ ಎಂಬಾಕೆಯ ಅಡುಗೆ ಪುಸ್ತಕ 1881ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಚ್ಚಾಯಿತು. ಆಕೆಗೆ ಓದುಬರಹ ಬರುತ್ತಿರಲಿಲ್ಲ. ಆಕೆ ಹೇಳಿದಳು, ಬೇರೆಯವರು ಬರೆದುಕೊಂಡರು. ಬರೆದುಕೊಳ್ಳುವವರು ಸಿಕ್ಕಿದ್ದರಿಂದ ಒಂದು ಅಡುಗೆಮನೆಯ ತಿಳಿವಳಿಕೆ ಚರಿತ್ರೆಯಾಯಿತು.

ನನಗೆ ಇಲ್ಲಿ ಮುಖ್ಯವಾದದ್ದು ಆ ಪಾತ್ರೆ. ಅದನ್ನು ಡಚ್ ಓವನ್ ಎನ್ನುತ್ತಾರೆ. 1707ರಲ್ಲಿ ಇಂಗ್ಲೆಂಡಿನ ಏಬ್ರಹಾಂ ಡಾರ್ಬಿ ಮರಳಿನ ಅಚ್ಚಿನಲ್ಲಿ ಕಬ್ಬಿಣದ ಪಾತ್ರೆ ಎರಕ ಹೊಯ್ಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಇಂಥ ಪಾತ್ರೆಗಳು ಅಗ್ಗವಾದವು, ಅಮೆರಿಕದ ಉದ್ದಗಲಕ್ಕೂ ಗಾಡಿಗಳಲ್ಲಿ ಹೋದವು. ಅದರ ಮುಚ್ಚಳಕ್ಕೆ ಸುತ್ತಲೂ ಅಂಚು ಇರುತ್ತದೆ. ಯಾಕೆಂದರೆ ಮುಚ್ಚಳದ ಮೇಲೆ ಕೆಂಡ ಹಾಕಬೇಕು, ಅದು ಜಾರಿ ಬೀಳಬಾರದು.

ಈ ವಾಕ್ಯವನ್ನು ಮೊದಲ ಬಾರಿ ಓದಿದಾಗ ನನಗೆ ಅಮೆರಿಕ ಕಾಣಲಿಲ್ಲ. ಬೆಳ್ತಂಗಡಿ ಕಡೆಯ ನಮ್ಮ ಅಜ್ಜಿಯ ಹಿತ್ತಿಲ ಒಲೆ ಕಂಡಿತು.

ತುಳುವಿನಲ್ಲಿ ಕೆಂಡಕ್ಕೆ ಗೆಂಡ ಎನ್ನುತ್ತಾರೆ. ದೈವದ ಎದುರು ಕೆಂಡ ಹಾಯುವುದೂ ಗೆಂಡಸೇವೆಯೇ. ಅಡುಗೆಯಲ್ಲಿ ಗೆಂಡದಡ್ಯೆ ಎಂಬ ತಿಂಡಿಯಿದೆ, ಹವ್ಯಕರ ಮನೆಗಳಲ್ಲಿ ಅದು ಕೆಂಡತ್ತಡ್ಯ. ಅಕ್ಕಿ ನೆನೆಹಾಕಿ, ತೆಂಗಿನತುರಿಯ ಜೊತೆ ತರಿಯಾಗಿ ರುಬ್ಬಿ, ಸೌತೆಕಾಯಿಯ ತುರಿಯೋ ಹಲಸಿನ ಹಣ್ಣೋ ಬೆಲ್ಲವೋ ಸೇರಿಸಿ, ಬಾಳೆಲೆ ಹಾಸಿದ ದಪ್ಪ ತಳದ ಬಾಣಲೆಗೆ ಹೊಯ್ಯುತ್ತಾರೆ. ಕೆಳಗಿನ ಸೌದೆ ಎಳೆದು ಬರೀ ಕೆಂಡ ಉಳಿಸುತ್ತಾರೆ. ಮುಚ್ಚಳ ಮುಚ್ಚಿ ಅದರ ಮೇಲೂ ಕೆಂಡ ಹರಡುತ್ತಾರೆ. ನಮ್ಮ ಅಜ್ಜಿ ಮುಚ್ಚಳಕ್ಕೆ ಬಳಸುತ್ತಿದ್ದದ್ದು ಒಂದು ಹಳೆಯ ಮಣ್ಣಿನ ಓಡು, ಕೆಂಡ ತೆಂಗಿನ ಗೆರಟೆಯದು. ಕೆಳಗೆ ಕಡಿಮೆ, ಮೇಲೆ ಹೆಚ್ಚು ಎಂಬುದು ಅವರ ಲೆಕ್ಕ. ಡಚ್ ಓವನ್‌ನಲ್ಲಿ ಬೇಯಿಸುವವರ ಲೆಕ್ಕವೂ ಅದೇ: ಕೆಂಡದ ಮೂರು ಪಾಲಿನಲ್ಲಿ ಸುಮಾರು ಎರಡು ಪಾಲು ಮುಚ್ಚಳಕ್ಕೆ, ಒಂದು ಪಾಲು ತಳಕ್ಕೆ. ಕಾರಣ ಸರಳ. ತಳಕ್ಕೆ ಹಿಟ್ಟು ನೇರವಾಗಿ ತಾಗಿಕೊಂಡಿರುತ್ತದೆ, ಬೇಗ ಕರಟುತ್ತದೆ. ಮೇಲಿನ ಶಾಖ ನಡುವಿನ ಗಾಳಿಯನ್ನು ದಾಟಿ ಬರಬೇಕು. ಎರಡು ಖಂಡಗಳ ಹೆಂಗಸರು, ಒಬ್ಬರನ್ನೊಬ್ಬರು ಕೇಳದೆ, ಒಂದೇ ಅನುಪಾತಕ್ಕೆ ಬಂದು ಮುಟ್ಟಿದ್ದಾರೆ.

ಹಾಗಾದರೆ ಇದನ್ನು ನಮಗೆ ಪೋರ್ಚುಗೀಸರೋ ಬಾಸೆಲ್ ಮಿಶನ್ನಿನವರೋ ಕಲಿಸಿದರೇ? ಮಂಗಳೂರಿನಲ್ಲಿ ಈ ಅನುಮಾನ ಸಹಜ. 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರು ಇಲ್ಲಿ ಅಚ್ಚುಕೂಟ ಹಾಕಿದರು, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ನಮ್ಮ ಊರಿನ ಹೊಸತನ್ನೆಲ್ಲ ಅವರ ಲೆಕ್ಕಕ್ಕೆ ಬರೆಯುವುದು ನಮ್ಮಂಥ ಚರಿತ್ರೆಯ ವಿದ್ಯಾರ್ಥಿಗಳಿಗೆ ಅಭ್ಯಾಸವಾಗಿಬಿಟ್ಟಿದೆ. ದಾಖಲೆ ಅವರ ಬಳಿ ಇದೆ ಎಂಬುದೂ ಅದಕ್ಕೊಂದು ಕಾರಣ. ಆದರೆ ಕನ್ನಡದಲ್ಲೇ ಒಂದು ಹಳೆಯ ಸಾಕ್ಷಿಯಿದೆ. 16ನೇ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ದ ಮೊದಲ ಅಧ್ಯಾಯ ಪಿಷ್ಟಪಾಕದ್ದು, ಎಂದರೆ ಹಿಟ್ಟಿನ ತಿಂಡಿಗಳದು. ಅಲ್ಲಿ ಬರುವ ರೊಟ್ಟಿಗಳಲ್ಲಿ ಒಂದರ ಹೆಸರು ಮುಚ್ಚಳ ರೊಟ್ಟಿ. ಗೋಧಿಯ ಕಣಕವನ್ನು ಕಾವಲಿಯ ಮೇಲಿಟ್ಟು, ಮುಚ್ಚಿ, ಮೇಲೂ ಕೆಳಗೂ ಕೆಂಡವಿಟ್ಟು ಬೇಯಿಸುವ ರೊಟ್ಟಿ ಅದು. ಹೆಸರು ಬಂದದ್ದು ಹಿಟ್ಟಿನಿಂದಲ್ಲ, ಮುಚ್ಚಳದಿಂದ. ಮಂಗರಸ ಕಲ್ಲಹಳ್ಳಿಯ ಅರಸು, ಕರಾವಳಿಯವನಲ್ಲ. ಗೋವೆಯಲ್ಲಿ ಪೋರ್ಚುಗೀಸರು ಆಗಷ್ಟೇ ಕಾಲೂರುತ್ತಿದ್ದ ಕಾಲದಲ್ಲಿ ಬರೆದವನು. ಮೇಲಿನ ಕೆಂಡ ಆ ಹೊತ್ತಿಗೇ ಕನ್ನಡದ ಒಲೆಗೆ ಹಳೆಯ ಪರಿಚಯವಾಗಿತ್ತು ಎನ್ನಲು ನನಗೆ ಇಷ್ಟು ಸಾಕು.

ಇನ್ನು ಕರಾವಳಿಯೊಳಗೇ ಬಂದರೆ ಈ ಕೆಂಡ ಯಾವ ಒಂದು ಜನರ ಸ್ವತ್ತೂ ಅಲ್ಲ. ಕೊಂಕಣಿ ಮನೆಗಳ ತವಸಳಿ ಎಂದರೆ ಸೌತೆಕಾಯಿಯ ಕೇಕು. ಈಗ ಹೆಚ್ಚಿನವರು ಅದನ್ನು ಹಬೆಯಲ್ಲಿ ಬೇಯಿಸುತ್ತಾರೆ, ಹಿಂದೆ ಮೇಲೆ ಕೆಳಗೆ ಕೆಂಡವಿಡುತ್ತಿದ್ದರು. ಕ್ರೈಸ್ತರ ಮನೆಗಳಲ್ಲಿ ರವೆ, ತೆಂಗಿನಕಾಯಿ, ಮೊಟ್ಟೆ ಸೇರಿಸಿ ಮಾಡುವ ಬಾತ್ ಕೇಕಿಗೂ ಓವನ್ ಬರುವ ತನಕ ಇದೇ ಉಪಾಯ. ಬ್ಯಾರಿಗಳಲ್ಲಿ, ಕಾಸರಗೋಡಿನಿಂದ ಕಣ್ಣೂರಿನವರೆಗಿನ ಮಾಪಿಳ್ಳೆಗಳಲ್ಲಿ ಕಲ್ತಪ್ಪ ಇದೆ: ಅಕ್ಕಿ, ಬೆಲ್ಲ, ಹುರಿದ ಈರುಳ್ಳಿ, ತೆಂಗಿನ ಚೂರು. ಅದರ ಮುಚ್ಚಳದ ಮೇಲೂ ಗೆರಟೆಯ ಕೆಂಡವೇ. ಬೇರೆ ಬೇರೆ ದೇವರು, ಬೇರೆ ಬೇರೆ ಭಾಷೆ, ಒಬ್ಬರ ಮನೆಯಲ್ಲಿ ಇನ್ನೊಬ್ಬರು ಊಟಕ್ಕೆ ಕೂರಲು ನೂರು ಲೆಕ್ಕಾಚಾರ. ಮುಚ್ಚಳ ಮಾತ್ರ ಎಲ್ಲರ ಮನೆಯಲ್ಲೂ ಒಂದೇ ಕೆಲಸ ಮಾಡುತ್ತಿತ್ತು.

ಇದನ್ನು ಸೌಹಾರ್ದದ ಸಿಹಿ ಕಥೆಯಾಗಿ ಮುಗಿಸಿಬಿಡಬಹುದು. ನಾನು ಮುಗಿಸುವುದಿಲ್ಲ, ಯಾಕೆಂದರೆ ಬ್ರೆಡ್ಡಿನ ಕಥೆ ಅಡ್ಡ ಬರುತ್ತದೆ. ಬೇಯುವ ಮಟ್ಟಿಗೆ ಬ್ರೆಡ್ಡೂ ಕೆಂಡದಡ್ಯೆಯ ನೆಂಟನೇ. ಆದರೆ ಗೋವೆಯಿಂದ ಈಚೆಗೆ ಅದನ್ನು ಹುಳಿ ಬರಿಸುತ್ತಿದ್ದದ್ದು ಕಳ್ಳಿನಿಂದ, ತಟ್ಟುತ್ತಿದ್ದ ಕೈ ಕ್ರೈಸ್ತರದು. ಹಾಗಾಗಿ ಮೇಲುಜಾತಿಯ ಮನೆಗಳಲ್ಲಿ ಬಹಳ ಕಾಲ ಅದಕ್ಕೆ ಪ್ರವೇಶವಿರಲಿಲ್ಲ. ಬಾವಿಗೆ ಬ್ರೆಡ್ಡು ಎಸೆದು, ಆ ನೀರು ಕುಡಿದವರ ಜಾತಿ ಕೆಟ್ಟಿತೆಂದು ಊರೇ ಮತಾಂತರವಾದ ಕಥೆಯನ್ನು ಗೋವೆಯಿಂದ ಬಂದವರ ವಂಶಸ್ಥರು ಇವತ್ತಿಗೂ ಹೇಳುತ್ತಾರೆ. ಅದು ನಡೆದಿತ್ತೇ ಎಂಬುದಕ್ಕಿಂತ, ನಡೆಯಬಹುದಾದದ್ದು ಎಂದು ಎಲ್ಲರೂ ನಂಬಿದ್ದರು ಎಂಬುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ದಕ್ಷಿಣಕ್ಕೆ ತಲಶ್ಶೇರಿಯಲ್ಲಿ 1880ರ ದಶಕದಲ್ಲಿ ಮಾಂಬಳ್ಳಿ ಬಾಪು ಬ್ರಿಟಿಷ್ ತೋಟದ ಯಜಮಾನನೊಬ್ಬನ ಕೋರಿಕೆಗೆ ಕ್ರಿಸ್‌ಮಸ್ ಕೇಕು ಬೇಯಿಸಿದ ಎಂಬುದನ್ನು ಬೇಕರಿಯ ಚರಿತ್ರೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ. ಬರೆಯಬೇಕಾದದ್ದೇ. ಆದರೆ ಬೇಕರಿಗೆ ಬೋರ್ಡು ಇರುತ್ತದೆ, ಮಾಲಿಕನ ಹೆಸರಿರುತ್ತದೆ, ಗಿರಾಕಿ ದೊರೆ ಆಗಿರುತ್ತಾನೆ. ಹಿತ್ತಿಲಲ್ಲಿ ಕೆಂಡ ಊದುತ್ತಿದ್ದವಳಿಗೆ ಇವು ಯಾವುದೂ ಇಲ್ಲ. ಒಂದೇ ಶಾಖ ಗಂಡಸಿನ ಕೈಗೆ ಹೋಗಿ ಅಂಗಡಿಯಾದಾಗ ಚರಿತ್ರೆ, ಹೆಂಗಸಿನ ಕೈಯಲ್ಲಿದ್ದಾಗ ತಿಂಡಿ.

ಮೊಟ್ಟೆಯ ಮಾತು ಇಲ್ಲಿ ಬರುತ್ತದೆ. ಕೇಕು ಬಹಳ ಮನೆಗಳ ಹೊಸ್ತಿಲಲ್ಲಿ ನಿಂತದ್ದು ಮೊಟ್ಟೆಯ ದೆಸೆಯಿಂದ. ನಮ್ಮ ಬೇಕರಿಗಳಲ್ಲಿ ‘ಮೊಟ್ಟೆರಹಿತ’ ಎಂಬ ಚೀಟಿ ಇವತ್ತಿಗೂ ವ್ಯಾಪಾರದ ಅರ್ಧ ಬಂಡವಾಳ. ಕಾಬ್ಲರಿಗೆ ಆ ತೊಡಕಿಲ್ಲ. ಬೇಕಿಂಗ್ ಪೌಡರ್ ಎಂಬುದು 19ನೇ ಶತಮಾನದ ನಡುವೆ ಅಂಗಡಿಗೆ ಬಂದ ಮೇಲೆ ಕಳ್ಳೂ ಬೇಡ, ಮೊಟ್ಟೆಯೂ ಬೇಡ. ಹೀಗಾಗಿ ಅಮೆರಿಕದ ಈ ತಿಂಡಿ ಮಂಗಳೂರಿನ ಅತ್ಯಂತ ಮಡಿವಂತ ಅಡುಗೆಮನೆಗೂ ನಮ್ಮದೇ ಊರಿನ ಪಾವ್‌ಗಿಂತ ಸುಲಭವಾಗಿ ಹೋಗಬಲ್ಲದು. ದೂರದ್ದು ಹತ್ತಿರವಾಗುವುದು, ಪಕ್ಕದ ಮನೆಯದು ದೂರವಾಗುವುದು ನಮ್ಮಲ್ಲಿ ಹೊಸತೇನಲ್ಲ.

ಕಾಬ್ಲರಿನಲ್ಲಿ ನಮಗೆ ನಿಜಕ್ಕೂ ಹೊಸದಾಗಿದ್ದದ್ದು ಮೇಲಿನ ಆ ಐಸ್‌ಕ್ರೀಮ್. ಬಿಸಿ ನಮ್ಮದು, ತಣ್ಣಗಿನದು ಹೊರಗಿನದು. ಅದೂ ಎಷ್ಟು ಹೊರಗಿನದೆಂದರೆ, 1833ರಲ್ಲಿ ಕಲ್ಕತ್ತೆಗೆ ಬಂದಿಳಿದ ಮಂಜುಗಡ್ಡೆ ಅಮೆರಿಕದ ಕೆರೆಗಳಿಂದ ಕೊಯ್ದದ್ದು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ‘ಟಸ್ಕನಿ’ ಹಡಗಿಗೆ ಸುಮಾರು 180 ಟನ್ ಮಂಜುಗಡ್ಡೆ ತುಂಬಿ ಕಳಿಸಿದ. ನಾಲ್ಕು ತಿಂಗಳ ಪ್ರಯಾಣದಲ್ಲಿ ಕರಗಿದ್ದು ಹೋಗಿ ಉಳಿದದ್ದು 100 ಟನ್ನಿನಷ್ಟು. ಮದ್ರಾಸಿನ ಸಮುದ್ರದ ಎದುರು ಅದನ್ನಿಡಲು ಕಟ್ಟಿದ ಕಟ್ಟಡಕ್ಕೆ ಐಸ್ ಹೌಸ್ ಎಂಬ ಹೆಸರು ಜನರ ಬಾಯಲ್ಲಿ ಉಳಿಯಿತು. ಮಂಜುಗಡ್ಡೆಗೆ ಉಪ್ಪು ಬೆರೆಸಿದರೆ ಅದರ ಶೈತ್ಯ ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ. ಅದರ ನಡುವೆ ಹಾಲಿನ ಡಬ್ಬ ಇಟ್ಟು ಕೈಯಿಂದ ತಿರುಗಿಸಿದರೆ ಐಸ್‌ಕ್ರೀಮ್. ಆ ಯಂತ್ರಕ್ಕೆ 1843ರಲ್ಲಿ ಪೇಟೆಂಟ್ ಪಡೆದದ್ದು ನ್ಯಾನ್ಸಿ ಜಾನ್ಸನ್ ಎಂಬ ಅಮೆರಿಕದ ಮಹಿಳೆ. ಕೆಂಡಕ್ಕೆ ಸಿಗದ ಪೇಟೆಂಟ್ ಮಂಜಿಗೆ ಸಿಕ್ಕಿತು.

ಮಂಗಳೂರು ತಡವಾಗಿ ಐಸ್‌ಕ್ರೀಮಿಗೆ ಬಂದು, ಆಮೇಲೆ ಅದನ್ನು ತನ್ನದೇ ಎನ್ನುವಷ್ಟು ಹಚ್ಚಿಕೊಂಡಿತು. ಮೀನುಗಾರಿಕೆಗೆ ಯಂತ್ರದ ದೋಣಿ ಬಂದ ಮೇಲೆ ದಕ್ಕೆಯ ಸುತ್ತ ಐಸ್ ಫ್ಯಾಕ್ಟರಿಗಳು ಎದ್ದವು. ಬಂಗುಡೆಗೆ ಬೇಕಾದ ಮಂಜಿನ ಲೆಕ್ಕದ ಎದುರು ಸಿಹಿಯ ಲೆಕ್ಕ ಏನೂ ಅಲ್ಲ. 1974ರಲ್ಲಿ ನವಮಂಗಳೂರು ಪ್ರಮುಖ ಬಂದರೆಂದು ಘೋಷಣೆಯಾಯಿತು. ಮರುವರ್ಷ, 1975ರಲ್ಲಿ, ಎಸ್. ಪ್ರಭಾಕರ ಕಾಮತರು ಮಾರ್ಕೆಟ್ ರಸ್ತೆಯಲ್ಲಿ ಐಡಿಯಲ್ ಐಸ್‌ಕ್ರೀಮ್ ಪಾರ್ಲರ್ ತೆರೆದರು. ಎತ್ತರದ ಗಾಜಿನ ಲೋಟದಲ್ಲಿ ಜೆಲ್ಲಿ, ಹಣ್ಣು, ಒಣಹಣ್ಣು, ಎರಡು ಮೂರು ಬಗೆಯ ಐಸ್‌ಕ್ರೀಮ್ ಒಂದರ ಮೇಲೊಂದು ಕೂತ ಗಡ್‌ಬಡ್ ಈ ಕರಾವಳಿಯ ಸೃಷ್ಟಿ. ಅದರ ಹುಟ್ಟಿನ ಕಥೆಯಲ್ಲಿ ಉಡುಪಿಯ ಡಯಾನಾ ಹೋಟೆಲಿನ ಹೆಸರು ಹೇಳುವವರಿದ್ದಾರೆ, ಮಂಗಳೂರಿನವರು ಒಪ್ಪುವುದಿಲ್ಲ. ಮೂಲ್ಕಿ ಕಡೆಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತ್ ಮುಂಬೈಗೆ ಹೋಗಿ 1984ರಲ್ಲಿ ಜುಹುವಿನಲ್ಲಿ ನ್ಯಾಚುರಲ್ಸ್ ತೆರೆದು, ಬೊಂಡದ ತಿರುಳನ್ನೂ ಹಲಸನ್ನೂ ಐಸ್‌ಕ್ರೀಮ್ ಮಾಡಿದ್ದು ಬೇರೆಯೇ ಅಧ್ಯಾಯ. ಗಡ್‌ಬಡ್ ಎಲ್ಲವೂ ತಣ್ಣಗೆ. ಬಿಸಿಯ ಮೇಲೆ ತಣ್ಣಗಿನದನ್ನು ಇಡುವ ರುಚಿ ನಮ್ಮಲ್ಲಿ ಮೊದಲು ಬೇರೂರಿದ್ದು ಮದುವೆಯೂಟದ ಕ್ಯಾರೆಟ್ ಹಲ್ವದ ಪಕ್ಕ ವೆನಿಲಾ ಇಟ್ಟ ಮೇಲೆ ಎಂದು ನನ್ನ ಅಂದಾಜು. ಅದಕ್ಕೆ ಅಭ್ಯಾಸವಾದ ನಾಲಗೆಗೆ ಕಾಬ್ಲರ್ ಅಪರಿಚಿತವಲ್ಲ.

ಫ್ರಿಜ್ ಅಡುಗೆಮನೆಗೆ ಬಂದ ಅದೇ ವರ್ಷಗಳಲ್ಲಿ ಕೆಂಡ ಅಲ್ಲಿಂದ ಹೊರಟಿತು. ಗ್ಯಾಸ್ ಒಲೆಯಲ್ಲಿ ಉರಿಯಿದೆ, ಕೆಂಡವಿಲ್ಲ. ಈ ಸಣ್ಣ ವ್ಯತ್ಯಾಸ ಒಂದು ಇಡೀ ಬಗೆಯ ಅಡುಗೆಯನ್ನು ಸದ್ದಿಲ್ಲದೆ ಮುಗಿಸಿತು. ನಡುವೆ ಕೆಲವು ಕಾಲ ಹೆಂಗಸರು ಪರಿಹಾರ ಹುಡುಕಿಕೊಂಡರು: ಗ್ಯಾಸ್ಕೆಟ್ಟೂ ವೆಯ್ಟೂ ತೆಗೆದ ಕುಕ್ಕರಿನೊಳಗೆ ಮರಳು ಹರಡಿ ಕೇಕ್ ಬೇಯಿಸುವುದು, ಮುಚ್ಚಳದಲ್ಲಿ ಗಾಜಿನ ಕಿಟಕಿಯಿದ್ದ ಗುಂಡಗಿನ ಅಲ್ಯೂಮಿನಿಯಂ ಓವನ್. ಗೆಂಡದಡ್ಯೆಗೆ ಇಂಥ ಪುನರ್ಜನ್ಮ ಸಿಗಲಿಲ್ಲ. ಅದು ಹಬೆಗೆ ಹೋಗಿ ಇನ್ನೊಂದು ಕಡುಬಾಯಿತು, ಮೇಲಿನ ಕಂದು ಪದರ ಕಳೆದುಹೋಯಿತು. ಆ ಪದರವೇ ಅದರ ಹೆಸರಿನ ಅರ್ಥ.

ಇದನ್ನು ಬರೆಯುವಾಗ ಗೃಹವಿರಹದ ದನಿ ತಾನಾಗಿ ಬರುತ್ತದೆ. ಅದರ ಬಗ್ಗೆ ನನಗೆ ಎಚ್ಚರವಿದೆ. ಅಜ್ಜಿಯ ಕೆಮ್ಮು ನಲವತ್ತು ವರ್ಷ ಹೊಗೆ ಕುಡಿದದ್ದರ ಫಲ. ಮನೆಗೆ ಸಿಲಿಂಡರ್ ಬಂದ ದಿನ ಅವರು ಸೌದೆ ಕೊಟ್ಟಿಗೆಯ ಬಾಗಿಲು ಹಾಕಿ ಚಿಲಕ ಜಡಿದದ್ದನ್ನು ಅಮ್ಮ ಈಗಲೂ ನಕ್ಕು ಹೇಳುತ್ತಾರೆ. 2016ರಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ ಗ್ಯಾಸ್ ಪಡೆದ ಹಳ್ಳಿಯ ಹೆಂಗಸರಿಗೆ ಕೆಂಡದ ಸೊಬಗಿನ ಬಗ್ಗೆ ಪಾಠ ಹೇಳುವ ಹಕ್ಕು, ಬಿಜೈಯಲ್ಲಿ ಕರೆಂಟಿನ ಓವನ್ ಇಟ್ಟುಕೊಂಡ ನನಗಿಲ್ಲ. ಆ ಒಲೆ ಮತ್ತೆ ಉರಿಯಬೇಕೆಂದು ನಾನು ಬಯಸುವುದಿಲ್ಲ. ಬಯಸುವುದು ಇಷ್ಟೇ: ಮುಚ್ಚಳದ ಮೇಲೆ ಎಷ್ಟು ಕೆಂಡ ಎಂದು ಬಲ್ಲ ಕೊನೆಯ ತಲೆಮಾರು ಇನ್ನೂ ಮಾತಾಡುತ್ತಿರುವಾಗ ಯಾರಾದರೂ ಪಕ್ಕ ಕೂತು ಬರೆದುಕೊಳ್ಳಬೇಕು. ಅಬಿ ಫಿಶರಿಗೆ ಸಿಕ್ಕಂಥ ಬರವಣಿಗೆಗಾರರು ಬೆಳ್ತಂಗಡಿಯಲ್ಲೂ ಉಳ್ಳಾಲದಲ್ಲೂ ಬೇಕು. ಪಿಎಚ್‌ಡಿ ಪ್ರಬಂಧದಲ್ಲಿ ಇದಕ್ಕೆ ಜಾಗವಿದೆಯೇ ಎಂದು ನನ್ನ ಮಾರ್ಗದರ್ಶಕರು ಕೇಳಿದರು. ಅಡಿಟಿಪ್ಪಣಿಯಲ್ಲಿ ಸಿಕ್ಕರೂ ಸಾಕು ಎಂದೆ.

ಕಳೆದ ಮೇ ತಿಂಗಳಲ್ಲಿ ಊರಿಗೆ ಹೋದಾಗ ಮೈದಾ, ಬೇಕಿಂಗ್ ಪೌಡರ್ ಕಟ್ಟಿಕೊಂಡು ಹೋಗಿದ್ದೆ. ಪೀಚ್ ಬದಲು ಅನಾನಸು. ಅಜ್ಜಿ ಎಂಬತ್ತು ದಾಟಿದ್ದಾರೆ, ಕೂತಲ್ಲಿಂದಲೇ ಹೇಳಿದರು, ಕೆಂಡ ಇಟ್ಟವಳು ನಾನು. ಗೆರಟೆ ಪೂರ್ತಿ ಉರಿದು ಮೇಲೆ ಬಿಳಿಯ ಬೂದಿ ಕಟ್ಟುವ ತನಕ ತಾಗಿಸಬಾರದು. ಮುಚ್ಚಳದ ನಡುವೆ ಬೇಡ, ಅಂಚಿಗೆ ಹೆಚ್ಚು. ತೆರೆದು ನೋಡಬಾರದು, ಮೂಗು ಹೇಳುತ್ತದೆ. “ಮಗಾ, ಬೆಲ್ಲ ಕರಗಿದ ವಾಸನೆ ಬೇರೆ, ಬೆಲ್ಲ ಕಂದಿದ ವಾಸನೆ ಬೇರೆ” ಎಂದರು; ನಾನು ಹಾಕಿದ್ದು ಸಕ್ಕರೆ ಎಂದು ಹೇಳಲು ಹೋಗಲಿಲ್ಲ. ನಲವತ್ತು ನಿಮಿಷಕ್ಕೆ ಅವರೇ ಸಾಕು ಎಂದರು. ಮುಚ್ಚಳ ಎತ್ತಿದರೆ ಮೇಲೆಲ್ಲ ಸಮನಾದ ಕಂದು, ನನ್ನ ಓವನ್ನಿನದಕ್ಕಿಂತ ಚೆಂದ. ಪೇಟೆಯಿಂದ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ತಂದ ವೆನಿಲಾ ಮೇಲಿಟ್ಟು ಕೊಟ್ಟೆ. ಅಜ್ಜಿ ಐಸ್‌ಕ್ರೀಮನ್ನು ಚಮಚದಲ್ಲಿ ಬದಿಗೆ ಸರಿಸಿ ಮೊದಲು ಬಿಸಿಯದನ್ನು ತಿಂದರು, ಆಮೇಲೆ ಕರಗಿ ಹಾಲಾದದ್ದನ್ನು ಬಟ್ಟಲೆತ್ತಿ ಕುಡಿದರು. ಮುಚ್ಚಳದ ಮೇಲೆ ಇನ್ನೂ ಕೆಂಪಾಗಿದ್ದ ಕೆಂಡ ಹಾಳಾಗಬಾರದೆಂದು ನನ್ನ ಕೈಯಲ್ಲಿ ನಾಲ್ಕು ಹಲಸಿನ ಬೀಜ ತರಿಸಿ ಅದರೊಳಗೆ ಹುಗಿಸಿದರು.